ಧಣಿಯ ಕೆಮ್ಮು

ಈ ಕಥೆಯನ್ನು ಎಷ್ಟೋ ಊರುಗಳ ಗುಡಿಯಂಗಳದಲ್ಲಿ ಹೇಳಿದ್ದೇನೆ. ಎಲ್ಲ ಕಡೆಯೂ ಜನ ತಲೆದೂಗಿದರು, ಪ್ರಸಾದ ತಿಂದು ಮನೆಗೆ ಹೋದರು. ಹೇಳಿ ಹೇಳಿ ನನಗೇ ಸಾಕಾಗಿದೆ. ಆದರೂ ಹೇಳುತ್ತೇನೆ, ಕೇಳಿ.

ಒಂದೂರಲ್ಲಿ ಒಬ್ಬ ಶ್ರೀಮಂತ. ಶ್ರೀಮಂತ ಎಂದ ಕೂಡಲೇ ಕೆಟ್ಟವನು ಎಂದುಕೊಂಡಿರಾ? ಅಲ್ಲ. ಯಾರಿಗೂ ಹೊಡೆದವನಲ್ಲ, ಬೈದವನಲ್ಲ. ಊರಿನ ಸಭೆಯಲ್ಲಿ ಎಲ್ಲರೂ ಮಾತಾಡಬಹುದಿತ್ತು. ಮಾತು ಮುಗಿದ ಮೇಲೆ ಅವನು ಒಮ್ಮೆ ಕೆಮ್ಮುತ್ತಿದ್ದ. ಕೆಮ್ಮಿದರೆ ಒಪ್ಪಿಗೆ. ಕೆಮ್ಮದಿದ್ದರೆ ಆ ಮಾತು ಅಲ್ಲಿಗೇ ಬಿಟ್ಟ ಹಾಗೆ. ಹೀಗೇ ನಡೆಯಬೇಕೆಂದು ಅವನು ಹೇಳಿರಲಿಲ್ಲ, ನೋಡಿ. ಊರೇ ರೂಢಿ ಮಾಡಿಕೊಂಡಿತ್ತು.

ಒಂದು ಮಳೆಗಾಲ ಅವನು ಕಾಶಿಗೆ ಹೋದ. ಇತ್ತ ಕೆರೆ ತುಂಬಿತು. ಕೆರೆ ಏರಿಯ ಕೆಳಗೆ ಮನೆ ಮಾಡಿಕೊಂಡಿದ್ದ ಕುಂಬಾರರ ಹೆಂಗಸು ಸಭೆಗೆ ಬಂದಳು.

“ಏರಿ ಜಿನುಗ್ತಾ ಐತೆ ಕಣ್ರಪ್ಪ. ಇವತ್ತೇ ಎಲ್ಲಾ ಸೇರಿ ಮಣ್ಣು ಹಾಕಿದ್ರೆ ನಿಲ್ತದೆ. ನನ್ನ ಮಕ್ಳು ಅಲ್ಲೇ ಮಲಗ್ತವೆ.”

ಎಲ್ಲರಿಗೂ ಸರಿ ಎನ್ನಿಸಿತು. ಗುದ್ದಲಿ ಇತ್ತು, ಬುಟ್ಟಿ ಇತ್ತು, ಕೈಕಾಲು ಗಟ್ಟಿ ಇತ್ತು. ಏನಿರಲಿಲ್ಲ? ಕೆಮ್ಮು ಇರಲಿಲ್ಲ. ಎಲ್ಲರೂ ಶ್ರೀಮಂತನ ಖಾಲಿ ಕುರ್ಚಿಯ ಕಡೆ ನೋಡಿದರು.

“ಧಣಿಗಳು ಬಂದ್ಬಿಡ್ಲಿ ತಾಯಿ,” ಎಂದ ಊರಿನ ಹಿರಿಯ.

“ಅವ್ರು ಬ್ಯಾಡ ಅಂತಾರಾ?”

“ಅವ್ರು ಯಾಕಂತಾರೆ? ದೇವರಂಥೋರು. ಆದ್ರೂ ಒಂದು ಮಾತು ಕೇಳ್ಬೇಕಲ್ವಾ.”

ಆ ವಾರವೇ ಏರಿ ಒಡೆಯಿತು. ಮಕ್ಕಳನ್ನು ಎಳೆದುಕೊಂಡು ಅವಳು ದಿಬ್ಬ ಹತ್ತಿದಳು. ಕೊನೆಯ ಮಗು ಕೈ ತಪ್ಪಿತು, ಮತ್ತೆ ಸಿಗಲಿಲ್ಲ.

ಶ್ರೀಮಂತ ಬಂದು ಅತ್ತ. “ನಾನು ಯಾವತ್ತಾದ್ರೂ ನಿಮ್ಮನ್ನ ತಡೆದಿದ್ನೇನ್ರಯ್ಯ?” ಎಂದ.

ತಡೆದಿರಲಿಲ್ಲ, ನಿಜ. ಹಾಗಾದರೆ ಆ ಜನ ಸ್ವತಂತ್ರರಾಗಿದ್ದರೇ? ಒಳ್ಳೆಯ ಒಡೆಯ ಸಿಕ್ಕುವುದು ಸ್ವಾತಂತ್ರ್ಯವಲ್ಲ, ಒಡೆಯನೇ ಇಲ್ಲದಿರುವುದು ಸ್ವಾತಂತ್ರ್ಯ ಎನ್ನುತ್ತಾರೆ ತತ್ತ್ವಜ್ಞಾನಿಗಳು. ಊರೆಲ್ಲ ಸಭೆ ಸೇರಿ ಒಬ್ಬನ ಮುಖ ನೋಡುತ್ತ ಕುಳಿತರೆ ಅದು ಪ್ರಜಾಪ್ರಭುತ್ವ ಹೇಗಾದೀತು?

ನೋಡಿ, ಆಗಲೇ ತಲೆದೂಗುತ್ತಿದ್ದೀರಿ. ಬೇಡ. ಬರುವಾಗ ನಿಮ್ಮ ಶಾಲೆಯ ಗೋಡೆ ನೋಡಿದೆ, ಹೊರಕ್ಕೆ ವಾಲಿದೆ. ಯಾಕೆ ಸರಿಮಾಡಿಲ್ಲ ಎಂದು ಕೇಳಿದರೆ ಇಲ್ಲೇ ಕುಳಿತಿರುವ ಒಬ್ಬರು, “ಪಂಚಾಯ್ತಿ ಮೆಂಬರು ಊರಲ್ಲಿಲ್ಲ ಬುದ್ಧಿ,” ಎಂದರು. ನನಗೆ ಸಿಟ್ಟು ಬರಲಿಲ್ಲ, ಸುಸ್ತಾಯಿತು.

ಗ್ರಾಮಸಭೆಗೆ ಹೋಗಿ. ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿ. ಒಪ್ಪದಿದ್ದರೆ ಒಪ್ಪುವುದಿಲ್ಲ ಎನ್ನಿ. ಮನೆಯಲ್ಲಿ ಸೊಸೆ ಮಾತಾಡಿದರೆ ಯಜಮಾನನ ಮುಖ ನೋಡದೆ ಅವಳ ಮಾತು ಕೇಳಿ. ಅದಕ್ಕೂ ಮೊದಲು, ನಾಳೆ ಬೆಳಿಗ್ಗೆ ಮಕ್ಕಳನ್ನು ಆ ಗೋಡೆಯ ಪಕ್ಕದಿಂದ ಎಬ್ಬಿಸಿ ಬೇರೆ ಕಡೆ ಕೂರಿಸಿ. ಅದಕ್ಕೆ ಯಾರ ಅಪ್ಪಣೆ ಬೇಕು?

ಈಗ ನನ್ನ ಮುಖ ಯಾಕೆ ನೋಡುತ್ತೀರಿ? ನಾನು ಕೆಮ್ಮುವುದಿಲ್ಲ.