ಒಳಚಿಲಕ ಬಿದ್ದ ಹಾಡಿನ ಪೆಟ್ಟಿಗೆ

ದೀಪ ಸಣ್ಣ ಮಾಡ್ರೋ. ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಚಾನ್ಸಿಲ್ಲ. ಇದು ನನ್ನ ದೊಡ್ಡಮ್ಮನ ಮಗ ದೂಜಣ್ಣನಿಗೆ ಆದದ್ದು. ರೇಡಿಯೋ ರಿಪೇರಿಯವನು. ತೊಂಬತ್ತೊಂದನೇ ಇಸವಿ.

ಅವತ್ತು ರಾತ್ರಿ ದೂಜಣ್ಣ, ಅವನ ದೋಸ್ತ್ ಅಂಗಾರ, ಇಬ್ಬರೂ ಕುರ್ಲಾದ ಭಂಗಾರದಂಗಡಿಯಿಂದ, ಅಂದರೆ ಗುಜರಿ ಅಂಗಡಿಯಿಂದ, ಒಂದು ಹಳೆ ಸಾಗುವಾನಿ ಬಾಗಿಲು ಹೊತ್ತು ವಡಾಲಕ್ಕೆ ಬರುತ್ತಿದ್ದರು. ಲೋಕಲ್‌ನಲ್ಲಿ ಬಾಗಿಲಿಗೆ ಜಾಗ ಯಾರು ಕೊಡ್ತಾರೆ? ನಡಿಗೆಯೇ ಗತಿ. ಬಾಗಿಲ ನಡುವೆ ಮೂರು ಕಚ್ಚು. "ಸಾಗಿಸುವಾಗ ಬಿದ್ದ ಏಟು" ಎಂದಿದ್ದ ಭಂಗಾರದವ. ದೂಜಣ್ಣನ ಚಾಳಿನ ಹಿಂದೆ ಕಬ್ಬಿಣದ ಜಾಲರಿ ಮುಚ್ಚಿದ ಬಾವಿ ಉಂಟಲ್ಲ... ಅದರ ಹತ್ತಿರ ಬಾಗಿಲು ಭಾರವಾಯಿತು. ಸ್ವಲ್ಪವಲ್ಲ. ಮೇಲೆ ಯಾರೋ ಮಲಗಿದಷ್ಟು.

"ಕೈ ಬಿಟ್ಟೆಯಾ?" ದೂಜಣ್ಣ ಪಿಸುಗುಟ್ಟಿದ.

"ಇಲ್ಲ ಮಾರಾಯ. ನೀನು ಬಿಟ್ಟೆ ಅಂತ ನಾನು..."

"ಮಾತಾಡಬೇಡ. ನಡೆ."

ಬಾಗಿಲು ಯಾಕೆ ಬೇಕಿತ್ತು? ವಡಾಲದ ಹೋಟೆಲಿನ ಮೋನಪ್ಪಣ್ಣನಿಗೆ ಹಾಡಿನ ಪೆಟ್ಟಿಗೆಯ ಹುಚ್ಚು. ಗಿರಾಕಿ ನಂಬರು ಒತ್ತಬೇಕು, ಹಾಡು ಬರಬೇಕು. "ಶುಕ್ರವಾರ ಪಾರ್ಲೆಯಲ್ಲಿ ನನ್ನ ಹೊಸ ಹೋಟೆಲಿನ ಓಪನಿಂಗು. ಪೆಟ್ಟಿಗೆ ಹಾಡಿದರೆ ಅಲ್ಲಿನ ಮೂಲೆಕೋಣೆ ನಿನ್ನ ರೇಡಿಯೋ ಅಂಗಡಿಗೆ. ಹಾಡದಿದ್ದರೆ ನೀನೇ ಸ್ಟೂಲು ಹತ್ತಿ ಹಾಡು" ಎಂದಿದ್ದ. ಸ್ವಂತ ಅಂಗಡಿ! ದೂಜಣ್ಣ ವಾರವಿಡೀ ನಿದ್ದೆ ಬಿಟ್ಟ.

ಆಳೆತ್ತರದ ಕಪಾಟು. ಒಳಗೆ ಎಂಟು ಟೇಪ್ ರೆಕಾರ್ಡರು. ಎದುರಿಗೆ ಹಳೆ ಟೆಲಿಫೋನಿನ ಬಟನು, ಮೇಲೆ ಕೆಂಪಗೆ ಉರಿಯುವ ಡಿಜಿಟಲ್ ಅಂಕೆ. ಆ ಬಾಗಿಲು ಕಪಾಟಿನ ಹಿಂಬಾಗಿಲಾಯಿತು. ಕಚ್ಚುಗಳಿಗೆ ಪುಟ್ಟಿ ಮೆತ್ತಿ, ಸನ್‌ಮೈಕಾ ಅಂಟಿಸಿದ. ಒಳಬದಿಯ ಚಿಲಕ ಮಾತ್ರ ತುಕ್ಕು ಹಿಡಿದು ಸುತ್ತಿಗೆಗೂ ಜಗ್ಗಲಿಲ್ಲ.

"ಇರಲಿ ಬಿಡು, ಒಳಗೆ ಯಾರು ನೋಡ್ತಾರೆ?" ಎಂದ.

ಅದೇ ತಪ್ಪು. ಪೆಟ್ಟಿಗೆಗೆ ಒಳಗಿನಿಂದ ಚಿಲಕ ಯಾರಿಗೆ ಬೇಕು, ಹೇಳಿ?

ಗುರುವಾರ. ವಡಾಲದ ಹೋಟೆಲಿನ ಶಟರ್ ಎಳೆದು ಮೂವರೇ ನಿಂತಿದ್ದರು. ದೂಜಣ್ಣ ಮೂರು ಒತ್ತಿದ. ಅಂಕೆ ಬಂತು... ಒಂಬತ್ತು. ಇದ್ದದ್ದು ಎಂಟೇ ಟೇಪು. ಸ್ಪೀಕರಿನಿಂದ ಹಾಡಿಲ್ಲ. ಢಬ್... ಢಬ್... ಚರಕ್. ಮರ ಸೀಳುವ ಸದ್ದು.

"ಇದೆಂಥ ಹಾಡು ಮಾರಾಯ? ಕಟ್ಟಿಗೆ ಡಿಪೋದ್ದಾ?" ಮೋನಪ್ಪಣ್ಣ ರೇಗಿದ.

ದೂಜಣ್ಣ ಬ್ಯಾಟರಿ ಹಿಡಿದು ಕಪಾಟಿನೊಳಗೆ ತೂರಿದ. ಹಿಂದೆ ಬಾಗಿಲು ಮುಚ್ಚಿತು. ಸುತ್ತಿಗೆಗೆ ಜಗ್ಗದ ಆ ಚಿಲಕ, ಎಣ್ಣೆ ಹಚ್ಚಿದ ಹಾಗೆ... ಸರ್... ಟಕ್.

ತೆಗೆಯಲು ಕೈ ಹಾಕಿದ. ಅವನ ಕೈಯ ಮೇಲೆ ಇನ್ನೊಂದು ಕೈ ಬಂತು. ತಣ್ಣಗೆ. ಒದ್ದೆ. ಕಿವಿಯ ಹತ್ತಿರವೇ ಹೆಂಗಸಿನ ಉಸಿರು. "ತೆಗೀಬೇಡ... ಅವರು ಬಂದಿದ್ದಾರೆ."

ಒಳಗೆ ವೈರು ಸುಟ್ಟ ವಾಸನೆ, ಹೊಗೆ. ಹೊರಗೆ ಮೋನಪ್ಪಣ್ಣ ಕೂಗಿದ್ದು, "ದೂಜಾ, ಚಿಲಕ ತೆಗಿಯೋ, ಸಾಯ್ತೀ!" ಒಳಗೆ ದೂಜಣ್ಣನಿಗೆ ಕೇಳಿದ್ದು ಬೇರೆ. ನಾಲ್ಕೈದು ಗಂಡಸರ ಬೈಗುಳ, ಬೂಟುಕಾಲಿನ ಒದೆತ. "ಇವತ್ತು ನಿನ್ನನ್ನು ಬಿಡೋದಿಲ್ಲ!"

ಮೋನಪ್ಪಣ್ಣ ತೆಂಗಿನಕಾಯಿ ಒಡೆಯುವ ಕತ್ತಿ ತಂದ. ಉಳಿಸಲಿಕ್ಕೇ ತಂದದ್ದು, ಪಾಪ. ಮೊದಲ ಏಟಿಗೆ ಪುಟ್ಟಿ ಉದುರಿತು. ಎರಡನೆಯದಕ್ಕೆ ಕತ್ತಿಯ ಮೊನೆ ದೂಜಣ್ಣನ ಮೂಗಿನ ಮುಂದೆ. ಎರಡೂ ಹಳೆ ಕಚ್ಚಿನಲ್ಲೇ ಬಿದ್ದವು.

"ಕಡೀಬೇಡಣ್ಣ! ನನ್ನ ಕೈ ಚಿಲಕದ ಮೇಲುಂಟು!"

ಹೊರಗಿದ್ದ ಇಬ್ಬರಿಗೂ ಕೇಳಿಸಿದ್ದು ಹೆಂಗಸಿನ ಚೀತ್ಕಾರ. ಮೋನಪ್ಪಣ್ಣ ಹೆದರಿ ಇದ್ದ ಶಕ್ತಿಯೆಲ್ಲ ಹಾಕಿ ಮೂರನೆಯದು ಬಿಟ್ಟ.

ಬಾಗಿಲು ಎರಡು ಹೋಳು. ದೂಜಣ್ಣ ಹೊರಗೆ ಬಿದ್ದ, ಬಲಗೈಯಿಂದ ರಕ್ತ ಕಾರಂಜಿ ಹಾಗೆ ಎದುರಿನ ಗೋಡೆಗೆ ಹಾರಿತು. ಕೆಂಪು ಅಂಕೆ ಆರಿತು, ಜೊತೆಗೆ ಹೋಟೆಲಿನ ದೀಪವೂ.

ಪಾರ್ಲೆಯ ಮೂಲೆಕೋಣೆಯಲ್ಲಿ ಈಗ ಪಾನಿನ ಅಂಗಡಿ. ದೂಜಣ್ಣ ಎಡಗೈಯಲ್ಲಿ ಸ್ಕ್ರೂ ತಿರುಗಿಸಲು ಇನ್ನೂ ಕಲೀತಿದ್ದಾನೆ. ನಾನು ನೂರು ಸುಳ್ಳು ಹೇಳಿದ್ದೇನೆ, ಮೇಷ್ಟರ ಕುರ್ಚಿಗೆ ಅಂಟು ಹಚ್ಚಿದ್ದೂ ನಾನೇ. ಇದು ಮಾತ್ರ ಸುಳ್ಳಲ್ಲ, ಅಮ್ಮನಾಣೆ. ಅವತ್ತು ಅಂಗಾರ ಕತ್ತಲಲ್ಲಿ ತಡಕಾಡಿ, ಸಿಕ್ಕಿದ ಬೆರಳುಗಳನ್ನೆಲ್ಲ ಲಸ್ಸಿ ಲೋಟದ ಐಸಿಗೆ ಹಾಕಿ ಆಸ್ಪತ್ರೆಗೆ ಓಡಿದ. ಡಾಕ್ಟರು ಲೋಟ ನೋಡಿದರು. ದೂಜಣ್ಣನ ಕೈ ನೋಡಿದರು. ಮತ್ತೆ ಲೋಟ ನೋಡಿದರು...

ಕೈಯಿಂದ ಹೋದದ್ದು ಮೂರು ಬೆರಳು. ಲೋಟದಲ್ಲಿ ನಾಲ್ಕಿತ್ತು. ನಾಲ್ಕನೆಯದಕ್ಕೆ ಮದರಂಗಿ ಹಚ್ಚಿತ್ತು.