ನೂರನೆಯ ಸಾಲಿನ ಕೆಂಪು ಕೈಗವಸು

ನಾನು ಅರ್ಲೀನ್ ಕುಬಿಚೆಕ್, ದಿವಂಗತ ಎಮಿಲ್ ಕುಬಿಚೆಕ್ ಅವರ ಪತ್ನಿ, ವಯಸ್ಸು 63 ವರ್ಷ, ಉದ್ಯೋಗ ಶಾಲಾ ಬಸ್ ಚಾಲಕಿ, ವಾಸ ಮಿಲ್ ಬೀದಿ, ಲಿಂಡನ್ ಫೋರ್ಕ್ ಪಟ್ಟಣ, ನೆಬ್ರಾಸ್ಕಾ ರಾಜ್ಯ. 2019ನೇ ಇಸವಿ ನವೆಂಬರ್ 18ರ ಸೋಮವಾರ ಬೆಳಿಗ್ಗೆ 9-30ಕ್ಕೆ, ಯಾರೂ ಎಳೆದು ತರದೆ, ನನ್ನ ಕಾಲ ಮೇಲೆಯೇ ಷೆರಿಫ್ ಕಚೇರಿಗೆ ಬಂದು, ಸಾರ್ಜೆಂಟ್ ಡಾರ್ಲಾ ನೈಮನ್ ಅವರ ಎದುರು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಮೇಲೆ ಶಾಲಾ ಸಮಿತಿಯವರು ಕೊಟ್ಟಿರುವ ದೂರನ್ನು ನನಗೆ ಓದಿ ಹೇಳಲಾಯಿತು. ದಿನಾಂಕ 16ರ ಶನಿವಾರ ನಾನು ಏಳನೇ ನಂಬರಿನ ಶಾಲಾ ಬಸ್ಸನ್ನು ಅಪ್ಪಣೆಯಿಲ್ಲದೆ ಹೊರತೆಗೆದೆ ಎಂದು ಅದರಲ್ಲಿದೆ. ಅದು ನಿಜ. ಪೊಲೀಸರು ದೀಪ ಮಿನುಗಿಸಿದರೂ ನಾನು ಬಸ್ ನಿಲ್ಲಿಸಲಿಲ್ಲ ಎಂದಿದೆ. ಅದೂ ನಿಜ. ಆದರೆ ಮೂರನೆಯ ಮಾತು ಒಂದಿದೆ: "ಅಂದಿನ ಆಟದ ಟಿಕೆಟ್‌ಗಳು ಶುಕ್ರವಾರವೇ ಪೂರ್ತಿ ಮಾರಾಟವಾಗಿದ್ದವು, ಆದ್ದರಿಂದ ಯಾವ ತುರ್ತೂ ಇರಲಿಲ್ಲ." ಇದನ್ನು ನಾನು ಒಪ್ಪುವುದಿಲ್ಲ. ಸಾಯುವವರೆಗೂ ಒಪ್ಪುವುದಿಲ್ಲ. ಈ ಹೇಳಿಕೆ ಕೊಡುತ್ತಿರುವುದೇ ಅದಕ್ಕಾಗಿ.

ನಮ್ಮ ಕಾಲೇಜಿನ ಫುಟ್‌ಬಾಲ್ ಮೈದಾನದಲ್ಲಿ ಮರದ ಹಲಗೆಯ ನೂರು ಸಾಲುಗಳಿವೆ. ಸಾಲಿಗೆ ಇಪ್ಪತ್ತೆಂಟು ಜನ. 1983ರಲ್ಲಿ ಒಂದು ಚಳಿಯ ಶನಿವಾರ ಟಿಕೆಟ್ ಎಲ್ಲ ಮಾರಾಟವಾಗಿ, ಜನ ಮಾತ್ರ ಮನೆಯಲ್ಲೇ ಬೆಚ್ಚಗೆ ಕುಳಿತಿದ್ದರು. ಆಟ ಮುಗಿದ ಮೇಲೆ ಆಗಿನ ಕೋಚ್ ಧ್ವನಿವರ್ಧಕ ತೆಗೆದುಕೊಂಡು, "ನನ್ನ ಹುಡುಗರು ಖಾಲಿ ಹಲಗೆ ಮುಂದೆ ಆಡೋಕೆ ಹುಟ್ಟಿಲ್ಲ" ಎಂದು ಹೇಳಿ ಅತ್ತುಬಿಟ್ಟರು. ಊರಿಗೆ ಊರೇ ನಾಚಿಕೆಪಟ್ಟಿತು. ಮುಂದಿನ ಶನಿವಾರದ ಹೊತ್ತಿಗೆ ಹೆಂಗಸರು ನೂರು ಕೆಂಪು ಕೈಗವಸು ಹೆಣೆದರು, ಸಾಲಿಗೆ ಒಂದರಂತೆ. ಸಾಲು ತುಂಬಿದ ಕೂಡಲೇ ಅಂಚಿನಲ್ಲಿ ಕುಳಿತವರು ಅದನ್ನು ತೊಟ್ಟು ಕೈ ಎತ್ತಬೇಕು. ನೂರು ಕೈಗಳೂ ಎದ್ದರೆ ಮಾತ್ರ ಹೆಬ್ಬಾಗಿಲ ಮೇಲೆ "ಜಾಗ ಇಲ್ಲ" ಎಂಬ ತಗಡಿನ ಬೋರ್ಡ್ ಏರುತ್ತದೆ. ಅರ್ಧ ಆಟದ ಸೀಟಿಯ ಒಳಗೆ ಏರಬೇಕು. ಅಂದಿನಿಂದ ಬೋರ್ಡ್ ಏರದೆ ಹೋದ ಆಟ ಈ ಊರಿನಲ್ಲಿ ಇಲ್ಲ. ಆ ಬೋರ್ಡನ್ನು ಏರಿಸುವವಳು ನಾನು. ಅದನ್ನು ಏರಿಸುವ ಕೊಕ್ಕೆಯ ಕೋಲನ್ನು ಇಪ್ಪತ್ತೆರಡು ವರ್ಷದಿಂದ ಇನ್ನೊಬ್ಬರ ಕೈಗೆ ಕೊಟ್ಟಿಲ್ಲ.

ಶನಿವಾರ ಆಸ್‌ಗುಡ್ ಕಾಲೇಜಿನ ತಂಡದೊಂದಿಗೆ ಆಟವಿತ್ತು. ಅವರಿಗೂ ನಮಗೂ ಅಜ್ಜಂದಿರ ಕಾಲದಿಂದ ಎಣ್ಣೆ-ಸೀಗೆಕಾಯಿ. ಆಟ ಮಧ್ಯಾಹ್ನ 1-00ಕ್ಕೆ. ಬೆಳಗಿನಿಂದ ಹಿಮ ಬೀಳುತ್ತಿತ್ತು. 12-20ಕ್ಕೆ ನಾನು ಬಾಗಿಲ ಬಳಿ ನಿಂತಿದ್ದಾಗ ನನ್ನ ಮೈದುನ ಲೂಮಿರ್ ಕುಬಿಚೆಕ್ ಬಂದನು. ಅವನು ಕಾಲೇಜಿನ ಅಭಿಮಾನಿಗಳ ಸಂಘದ ಅಧ್ಯಕ್ಷ. ಆಸ್‌ಗುಡ್ ಆಟಗಾರರು ಹಿಂದಿನ ದಿನವೇ ಬಂದಿದ್ದಾರೆ, ಆದರೆ ಅವರ ಮನೆಯವರನ್ನು ತರುತ್ತಿದ್ದ ಬಾಡಿಗೆ ಬಸ್ಸು ಹನ್ನೊಂದು ಮೈಲಿ ಆಚೆ ಹೆದ್ದಾರಿಯಲ್ಲಿ ಸಿಕ್ಕಿಕೊಂಡಿದೆ, ಮುಂದೆ ಲಾರಿಯೊಂದು ಅಡ್ಡ ತಿರುಗಿದ್ದರಿಂದ ರಸ್ತೆ ಮುಚ್ಚಿದ್ದಾರೆ ಎಂದು ತಿಳಿಸಿದನು. ಅಂದರೆ ಅವರು ಕೊಂಡಿದ್ದ ತೊಂಬತ್ತೊಂಬತ್ತನೇ ಸಾಲು, ನೂರನೇ ಸಾಲು ಎರಡೂ ಖಾಲಿ.

ಹೇಳಿದವನು ಸುಮ್ಮನಿರಬೇಕಲ್ಲ. "ಅತ್ತಿಗೆ, ಬೋರ್ಡ್ ಏರಿಸಿಬಿಡಿ. ದುಡ್ಡು ಬಂದಾಗಿದೆ, ಟಿಕೆಟ್ ಮಾರಿಯಾಗಿದೆ. ಸೋಲ್ಡ್ ಔಟ್ ಅಂದ್ರೆ ಅಷ್ಟೇ ತಾನೇ? ದೇಶದಲ್ಲೆಲ್ಲ ಹೀಗೇ ಲೆಕ್ಕ" ಎಂದನು.

ದೇಶದ ಲೆಕ್ಕ ದೇಶಕ್ಕೆ ಇರಲಿ, ಟಿಕೆಟ್ ಬಾಯಿ ಬಿಟ್ಟು ಕೂಗುತ್ತದೆಯೇ, ಚಪ್ಪಾಳೆ ತಟ್ಟುತ್ತದೆಯೇ ಎಂದು ನಾನು ಕೇಳಿದೆ.

ಹಾಗಾದರೆ ಕಾಲೇಜಿನ ವಾದ್ಯತಂಡದ ಹುಡುಗರನ್ನು ಆ ಎರಡು ಸಾಲಿನಲ್ಲಿ ಕೂರಿಸೋಣ, ಯಾರಿಗೆ ಗೊತ್ತಾಗುತ್ತದೆ ಎಂದನು. ನನಗೆ ರೇಗಿತು. "ಊಟಕ್ಕೆ ಕರೆದವರು ಬಂದಿಲ್ಲ ಅಂತ ಅವರ ತಟ್ಟೆಗೆ ಪಕ್ಕದ ಮನೆಯವರನ್ನ ಕೂರಿಸಿ, ಎಲ್ಲರದ್ದೂ ಊಟ ಆಯ್ತು ಅಂತೀಯೇನೋ? ಆ ಜಾಗ ಅವರು ಕೊಂಡ ಜಾಗ. ಅವರೇ ಕೂರಬೇಕು" ಎಂದೆ.

"ಹಂಗಾದ್ರೆ ಹೋಗಿ ಕರ್ಕೊಂಡು ಬನ್ನಿ" ಎಂದು ಅವನು ಗೇಲಿ ಮಾಡಿದನು. ಅವನು ಗೇಲಿ ಮಾಡಿದ್ದು ಎಂಬುದು ನನಗೂ ಗೊತ್ತಿತ್ತು. ಆದರೂ ಹೋದೆ.

12-40ಕ್ಕೆ ಶಾಲೆಯ ಅಂಗಳದಿಂದ ಬಸ್ ಹೊರತೆಗೆದೆ. ಬೀಗದ ಕೈ ಯಾವಾಗಲೂ ನನ್ನ ಬಳಿಯೇ ಇರುತ್ತದೆ. ಹೆದ್ದಾರಿ ಮುಚ್ಚಿದ್ದರೂ ಹೊಲಗಳ ನಡುವಿನ ಜಲ್ಲಿ ರಸ್ತೆಗಳು ಮುಚ್ಚಿರಲಿಲ್ಲ. ಅವುಗಳ ಮೇಲೆ ದಿನಕ್ಕೆರಡು ಸಲ ಮಕ್ಕಳನ್ನು ತರುವವಳು, ಬಿಡುವವಳು ನಾನೇ. ಚಕ್ರಗಳಿಗೆ ಸರಪಳಿ ಕಟ್ಟಿದ್ದೆ. ಒಬ್ಬರ ಜೀವಕ್ಕೂ ಅಪಾಯ ತರುವಂತೆ ಓಡಿಸಿಲ್ಲ. ಇದನ್ನು ದಯವಿಟ್ಟು ದಪ್ಪಗೆ ಬರೆದುಕೊಳ್ಳಿ ಎಂದು ಸಾರ್ಜೆಂಟ್ ಅವರನ್ನು ಕೇಳಿಕೊಂಡಿದ್ದೇನೆ.

1-15ಕ್ಕೆ ಸಿಕ್ಕಿಕೊಂಡ ಬಸ್ಸಿನ ಹಿಂದಿನ ಅಡ್ಡರಸ್ತೆಯಲ್ಲಿ ನಿಲ್ಲಿಸಿ, ಬಾಗಿಲು ತೆರೆದು, ಆಟ ನೋಡುವವರು ಹತ್ತಿ ಎಂದು ಕೂಗಿದೆ. ಅವರೆಲ್ಲ ಹಸಿರು ಕೋಟಿನವರು. ನನ್ನದು ಕೆಂಪು ಕೋಟು. ಮೊದಲು ಯಾರೂ ಇಳಿಯಲಿಲ್ಲ. ಒಬ್ಬನು ಕಿಟಕಿಯಿಂದ ತಲೆ ಹೊರಹಾಕಿ, "ಲಿಂಡನ್ ಫೋರ್ಕ್‌ನವರು ನಮ್ಮನ್ನ ಎಲ್ಲಿ ಹೂಳ್ಬೇಕು ಅಂತಿದೀರಾ?" ಎಂದು ಕೇಳಿದನು.

"ಹೂಳೋದು ಮೈದಾನದಲ್ಲಿ. ನಿಮ್ಮ ಹುಡುಗರು ಸೋಲೋದನ್ನ ನೋಡೋಕೆ ನೀವಿರಬೇಕಲ್ಲಪ್ಪ, ಬಾ" ಎಂದೆ.

ಅದಕ್ಕೆ ನಕ್ಕರು. ನಕ್ಕ ಮೇಲೆ ಇಳಿದರು. ಮೊದಲು ಹತ್ತಿದವಳು ಜನೀನ್ ಫೋಸ್ ಎಂಬ ಹೆಂಗಸು. ಅವಳ ಮಗನಿಗೆ ಅದು ಕಾಲೇಜಿನ ಕೊನೆಯ ಆಟ, ನಾಲ್ಕು ವರ್ಷದಲ್ಲಿ ಒಂದು ಆಟವನ್ನೂ ಅವಳು ತಪ್ಪಿಸಿಲ್ಲ ಎಂದು ಹೇಳಿದಳು. ಎಪ್ಪತ್ತೊಂದು ಮಕ್ಕಳಿಗೆಂದು ಮಾಡಿದ ಬಸ್ಸಿನಲ್ಲಿ ಐವತ್ತೈದು ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕುಳಿತರು.

ಐವತ್ತಾರನೆಯವನು ಹತ್ತಲಿಲ್ಲ. ಅವನು ಜನೀನಳ ತಂದೆ ಆರ್ಡನ್ ಪ್ರೂಯಿಟ್, ಎಂಬತ್ತೊಂದು ವರ್ಷದ ಮುದುಕ. ಮಗಳು ಮರಳಿ ಹೋಗಿ ಕೈ ಹಿಡಿದು ಎಳೆದರೂ ಅಲುಗಲಿಲ್ಲ. "ಆ ಊರಿನ ಬಸ್ ಹತ್ತೋದಕ್ಕಿಂತ ಇಲ್ಲೇ ಹಿಮಗಡ್ಡೆ ಆಗ್ತೀನಿ. ನಾನು ರೇಡಿಯೋದಲ್ಲಿ ಕೇಳ್ಕೋತೀನಿ, ನೀ ಹೋಗು" ಎಂದನು. ನಾನೂ ಅವರ ಬಸ್ಸಿನ ಬಾಗಿಲ ಬಳಿ ನಿಂತು ಕೇಳಿಕೊಂಡೆ. ನನ್ನ ಕೆಂಪು ಕೋಟನ್ನು ಮೇಲಿಂದ ಕೆಳಗೆ ನೋಡಿ ಮುಖ ತಿರುಗಿಸಿದನು. ಕೊನೆಗೆ ಜೇಬಿನಿಂದ ತನ್ನ ಟಿಕೆಟ್ ತೆಗೆದು ಮಗಳಿಗೆ ಕೊಟ್ಟು, "ಯಾರಿಗಾದ್ರೂ ಕೊಡು, ದಂಡ ಆಗಬಾರದು. ಲಿಂಡನ್ ಫೋರ್ಕ್‌ನವರಿಗೆ ಮಾತ್ರ ಕೊಟ್ಟೀಯ, ಜೋಕೆ!" ಎಂದನು. ಬಾಡಿಗೆ ಬಸ್ಸಿನ ಚಾಲಕ, ತಾನು ಇಂಜಿನ್ ಬೆಚ್ಚಗಿಟ್ಟು ಅವನ ಜೊತೆಗಿರುವುದಾಗಿ ಹೇಳಿದನು. ಮುದುಕನ ಮೇಲೆ ನನಗೆ ಸಿಟ್ಟು ಬಂತು, ಮೆಚ್ಚಿಗೆಯೂ ಆಯಿತು. ನಾನಾದರೂ ಅವರ ಬಸ್ ಹತ್ತುತ್ತಿದ್ದೆನೇ?

1-30ಕ್ಕೆ ಹೊರಟೆವು. ಊರು ಮೂರು ಮೈಲಿ ಇರುವಾಗ ಹಿಂದಿನಿಂದ ನೀಲಿ ದೀಪ ಮಿನುಗಿಸುತ್ತ ಪೊಲೀಸ್ ವಾಹನ ಬಂತು. ಅದು ಏರು ದಾರಿ. ಏರಿನಲ್ಲಿ ನಿಂತರೆ ಬಸ್ ಮತ್ತೆ ಹೊರಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಿಟಕಿಯಿಂದ ಕೈ ಹೊರಹಾಕಿ, ಹಿಂದೆ ಬನ್ನಿ ಎಂದು ಸನ್ನೆ ಮಾಡಿದೆ. ಬಸ್ಸಿನಲ್ಲಿದ್ದ ಹಸಿರು ಕೋಟಿನವರು ಆ ಅಧಿಕಾರಿಗೆ ಹುರುಪಿನಿಂದ ಕೈ ಬೀಸಿದರು. ನಾನು ಹಾಗೆ ಮಾಡಿ ಎಂದು ಹೇಳಿಕೊಟ್ಟಿಲ್ಲ.

1-58ಕ್ಕೆ ಮೈದಾನದ ಮುಂದೆ ನಿಲ್ಲಿಸಿದೆ. ಎರಡನೇ ಕ್ವಾರ್ಟರ್, ಅಂದರೆ ಮೊದಲರ್ಧದ ಕೊನೆಯ ಭಾಗ ನಡೆಯುತ್ತಿತ್ತು. ಒಳಗೆ ಹೋಗಿ ತಲೆ ಎತ್ತಿ ನೋಡಿದರೆ ತೊಂಬತ್ತೆಂಟು ಕೆಂಪು ಕೈಗಳು ಎದ್ದು ನಿಂತಿವೆ. ನಾನು ಬರುತ್ತೇನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೂ ಆ ಹಿಮದಲ್ಲಿ ಒಬ್ಬರೂ ಕೈ ಇಳಿಸಿರಲಿಲ್ಲ. ಎಡಗೈ ಸೋತವರು ಬಲಗೈಗೆ ಬದಲಾಯಿಸಿಕೊಂಡಿದ್ದರು. ನನ್ನ ಊರಿನ ಬಗ್ಗೆ ನನಗೆ ಎಷ್ಟು ಹೆಮ್ಮೆ ಎಂಬುದನ್ನು ಈ ಹೇಳಿಕೆಯಲ್ಲಿ ಬರೆಯಲು ಅವಕಾಶವಿದ್ದರೆ ಬರೆದುಕೊಳ್ಳಬೇಕು.

ಹಸಿರು ಕೋಟಿನವರು ನನ್ನೊಂದಿಗೆ ಸಾಲಾಗಿ ಮೆಟ್ಟಿಲು ಹತ್ತಿದಾಗ ನಮ್ಮವರು ಮೊದಲು ಕೆಣಕಿದರು, ಆಮೇಲೆ ಚಪ್ಪಾಳೆ ತಟ್ಟಿದರು. ತೊಂಬತ್ತೊಂಬತ್ತನೇ ಸಾಲಿನ ಕೈ ಎದ್ದಿತು. ನೂರನೆಯದು ಏಳಲಿಲ್ಲ. ಜನೀನಳ ಪಕ್ಕದಲ್ಲಿ ಮುದುಕನ ಜಾಗ ಖಾಲಿ. ಗಡಿಯಾರದಲ್ಲಿ ಅರ್ಧ ಆಟಕ್ಕೆ ನಾಲ್ಕು ನಿಮಿಷ.

ಅಷ್ಟರಲ್ಲಿ ಪೊಲೀಸ್ ವಾಹನದಲ್ಲಿದ್ದ ಆ ಅಧಿಕಾರಿ, ಡೆಪ್ಯುಟಿ ವೇಡ್ ರಾಸ್ಕ್, ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದನು. ಕೆಲಸಕ್ಕೆ ಸೇರಿ ಆರು ವಾರವಾದ ಹುಡುಗ, ಒಮಾಹಾ ನಗರದ ಕಡೆಯವನು. "ಮೇಡಂ, ಬೀಗದ ಕೈ ಕೊಡಿ. ನಿಮ್ಮನ್ನ ವಶಕ್ಕೆ ತಗೊಳ್ತಿದ್ದೀನಿ" ಎಂದನು.

ಕೊಡುತ್ತೇನೆ, ನಾಲ್ಕು ನಿಮಿಷ ತಾಳು, ಒಂದು ಜಾಗ ಖಾಲಿಯಿದೆ ಎಂದೆ.

"ಒಂದು ಜಾಗ ಖಾಲಿ ಇದ್ರೆ ಏನಾಗುತ್ತೆ?"

"ಪ್ರಪಂಚ ಏನೂ ಮುಳುಗಲ್ಲಪ್ಪ. ಬೋರ್ಡ್ ಏರಲ್ಲ, ಅಷ್ಟೇ."

ಅವನಿಗೆ ಅರ್ಥವಾಗಲಿಲ್ಲ. ಆಗ ಲೂಮಿರ್ ಏದುಸಿರು ಬಿಡುತ್ತ ಬಂದು, ಮುದುಕನ ಜಾಗದಲ್ಲಿ ತನ್ನ ಅಂಗಡಿಯ ಆಳನ್ನು ಕೂರಿಸುತ್ತೇನೆ ಎಂದನು. ಜನೀನ್ ಟಿಕೆಟನ್ನು ಮುಷ್ಟಿಯಲ್ಲಿ ಬಿಗಿಹಿಡಿದು, "ಅಪ್ಪ ಬೇಡ ಅಂದಿದಾರೆ. ನಿಮ್ಮೂರಿನವರಿಗೆ ಕೊಡಲ್ಲ" ಎಂದಳು. ಸರಿಯಾಗಿಯೇ ಹೇಳಿದಳು. ಜಾಗ ಅವರದು. ಒಳಗಿದ್ದವರೆಲ್ಲರಿಗೂ ಅವರವರ ಜಾಗವಿತ್ತು. ಹೊರಗಿದ್ದವರೆಲ್ಲ ನಮ್ಮೂರಿನವರೇ. ನಾನು ಸುತ್ತಮುತ್ತ ನೋಡಿದೆ. ಆಮೇಲೆ ಡೆಪ್ಯುಟಿಯನ್ನು ನೋಡಿದೆ. ಜನೀನಳೂ ನೋಡಿದಳು.

"ಏನಪ್ಪಾ, ನೀನು ಯಾವೂರು?" ಎಂದು ಅವಳೇ ಕೇಳಿದಳು.

ಒಮಾಹಾ ಎಂದೂ, ಆದರೆ ತಾನು ಕರ್ತವ್ಯದಲ್ಲಿರುವುದಾಗಿಯೂ, ಹೀಗೆಲ್ಲ ಕೂರುವ ಹಾಗಿಲ್ಲವೆಂದೂ ಅವನು ಹೇಳಿದನು. ನನ್ನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ನಿನ್ನ ಕರ್ತವ್ಯ ತಾನೇ, ಕುಳಿತು ಇಟ್ಟುಕೋ ಎಂದೆ. ಅವನು ಸುತ್ತ ನೋಡಿದನು. ಎರಡು ಸಾವಿರದ ಏಳುನೂರು ಚಿಲ್ಲರೆ ಜನ ಆಟ ಬಿಟ್ಟು ಅವನನ್ನೇ ನೋಡುತ್ತಿದ್ದರು. ಹುಡುಗನ ಕಿವಿಗಳು ಕೆಂಪಾದವು. ಬಾಗಿಲಲ್ಲಿ ಟಿಕೆಟ್ ನೋಡುವವನು ಓಡಿ ಬಂದು ಟಿಕೆಟ್ಟಿನ ಮೂಲೆ ಹರಿದುಕೊಟ್ಟನು. ಡೆಪ್ಯುಟಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತನು.

ನೂರನೆಯ ಕೈ ಎದ್ದಿತು. ಆಗ ಎದ್ದ ಕೂಗನ್ನು ನಾನು ಈ ಕಾಗದದಲ್ಲಿ ಹೇಳಲಾರೆ. ಹನ್ನೊಂದು ಮೈಲಿ ಆಚೆ ಆ ಮುದುಕ ರೇಡಿಯೋದಲ್ಲಿ ಕೇಳಿ, ಲಿಂಡನ್ ಫೋರ್ಕ್‌ನವರೇ ಗೆಲ್ಲುತ್ತಿದ್ದಾರೆಂದು ತಿಳಿದನಂತೆ. ಲೂಮಿರ್ ನನ್ನ ಪಕ್ಕ ನಿಂತು, "ಮಾರಿದ್ದೂ ಆಯ್ತು, ಕೂತಿದ್ದೂ ಆಯ್ತು. ಹೋಗಿ ಅತ್ತಿಗೆ, ಏರಿಸಿ" ಎಂದು ಮೂಗು ಒರೆಸಿಕೊಂಡನು. ನಾನು ಕೆಳಗೋಡಿ ಬೋರ್ಡ್ ಏರಿಸಿ, ಎಂದಿನಂತೆ ಬಾಗಿಲ ಬಳಿಯೇ ನಿಂತೆ. ಆಮೇಲೆ ಅರ್ಧ ಆಟದ ಸೀಟಿ ಊದಿದರು.

ಆಟದಲ್ಲಿ ನಾವು ಸೋತೆವು. ಜನೀನಳ ಮಗನೇ ಚೆಂಡನ್ನು ನಮ್ಮ ಗೆರೆ ದಾಟಿಸಿ ಕೊನೆಯ ಟಚ್‌ಡೌನ್ ಹೊಡೆದನು. ನನಗೆ ಹೊಟ್ಟೆ ಉರಿಯಿತು, ಇಲ್ಲವೆನ್ನುವುದಿಲ್ಲ. ಆದರೆ ಆ ಹುಡುಗ ಚೆಂಡು ಹಿಡಿದು ತಲೆ ಎತ್ತಿ ನೂರನೇ ಸಾಲನ್ನು ನೋಡಿದಾಗ ಅಲ್ಲಿ ಅವನ ತಾಯಿ ಇದ್ದಳು. ಅವಳು ಅಪರಿಚಿತ ಪೊಲೀಸನನ್ನು ತಬ್ಬಿಕೊಂಡು ಕುಣಿಯುತ್ತಿದ್ದಳು. ಆಟ ಮುಗಿಯುವವರೆಗೆ ಒಬ್ಬರೂ ಎದ್ದು ಹೋಗಲಿಲ್ಲ. ಮುಗಿದ ಮೇಲೆ 4-10ಕ್ಕೆ ನಾನು ಬೀಗದ ಕೈಯನ್ನು ಡೆಪ್ಯುಟಿಯ ಕೈಗೆ ಕೊಟ್ಟೆ. ಬಸ್ಸಿಗೆ ಒಂದು ಗೀರೂ ಬಿದ್ದಿಲ್ಲ.

ಬಸ್ ತೆಗೆಯಲು ಯಾರನ್ನಾದರೂ ಕೇಳಿದಿರಾ ಎಂಬ ಪ್ರಶ್ನೆಗೆ: ಕೇಳಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಕೆಲಸ ಹೋಗಬಹುದು, ಚಾಲನಾ ಪರವಾನಗಿ ಹೋಗಬಹುದು ಎಂಬ ಅರಿವಿತ್ತೇ ಎಂಬ ಪ್ರಶ್ನೆಗೆ: ಇತ್ತು. ಮೂವತ್ತೊಂದು ವರ್ಷ ಓಡಿಸಿದ್ದೇನೆ, ಆ ಮಕ್ಕಳನ್ನು ಬಿಟ್ಟು ಬೆಳಗಾಗುವುದು ಹೇಗೆಂದು ನನಗೆ ತಿಳಿಯದು. ಆದರೆ ಬೋರ್ಡಿಗೆ ಸುಳ್ಳು ಹೇಳಿಸಿ ಅದರ ಕೆಳಗೆ ನಡೆದಾಡುವುದು ನನ್ನಿಂದ ಆಗುವುದಿಲ್ಲ. ಪಶ್ಚಾತ್ತಾಪ ಇದೆಯೇ ಎಂಬ ಪ್ರಶ್ನೆಗೆ: ಇಲ್ಲ.

ಮೇಲೆ ಹೇಳಿದ್ದೆಲ್ಲ ನಾನು ಕಣ್ಣಾರೆ ಕಂಡದ್ದು, ಕೈಯಾರೆ ಮಾಡಿದ್ದು. ಯಾರ ಹೆದರಿಕೆಗೂ ಹೇಳಿದ್ದಲ್ಲ. ಓದಿ ಹೇಳಿದಾಗ ಕೇಳಿದ್ದೇನೆ, ಸರಿಯಾಗಿದೆ.

ಘಟನೆಗೆ ಸಾಕ್ಷಿಗಳು ಯಾರಾದರೂ ಇದ್ದಾರೆಯೇ ಎಂಬ ಕೊನೆಯ ಪ್ರಶ್ನೆಗೆ: ಇದ್ದಾರೆ. ಎರಡು ಸಾವಿರದ ಎಂಟುನೂರು ಜನ. ಒಬ್ಬರೂ ಕಡಿಮೆ ಇಲ್ಲ, ಬೇಕಾದರೆ ನಿಮ್ಮ ಡೆಪ್ಯುಟಿಯನ್ನೇ ಕೇಳಿ.

ಸ್ಥಳ: ಷೆರಿಫ್ ಕಚೇರಿ
ದಿನಾಂಕ: 18-11-2019
ಸಹಿ: ಅರ್ಲೀನ್ ಕುಬಿಚೆಕ್