ಅಪ್ಪನ ಬಣ್ಣ

ಚರ್ಮದ ಡಾಕ್ಟರ ಬಾಗಿಲೆದುರಿನ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಲಾರಿ ಡ್ರೈವರ್ ಮತ್ತು ಅವನ ಅಕ್ಕ ಕೂತಿದ್ದರು. ಅವನ ಎಡಗೈ ಬೆಳ್ಳಗಿತ್ತು. ಸದಾ ಕಿಟಕಿಯಾಚೆ ಚಾಚಿರುತ್ತಿದ್ದ ಬಲಗೈ ತುಂಬ ಕಲೆ. ನಾನು ಪೇಪರ್ ಓದುವವನಂತೆ ಕೂತೆ.

“ಮಚ್ಚೆ ಬೆಳೀತಿದೆ ಅಂತ ಮೊದಲೇ ಯಾಕೋ ಹೇಳ್ಲಿಲ್ಲ?”

“ಅಪ್ಪಂಗೂ ಇತ್ತಲ್ಲಕ್ಕ. ವಂಶದ ಗುರುತು ಅಂತ ಬಿಟ್ಟಿದ್ದೆ.”

“ಅಪ್ಪನ್ನ ತಿಂದಿದ್ದೂ ಅದೇ ಕಣೋ.”

“ಅಪ್ಪ ಬಿಸಿಲಲ್ಲಿ ಗಾರೆ ಕೆಲಸ ಮಾಡ್ದೋರು. ನಾನು ನೆರಳಲ್ಲಿ ಕೂತು ಗಾಡಿ ಓಡಿಸ್ದೋನು.”

“ಕೂತಿದ್ದು ನೆರಳಲ್ಲಿ. ಕೈ ಎಲ್ಲಿತ್ತು?”

“ಡಾಕ್ಟ್ರೂ ಅದನ್ನೇ ಅಂದ್ರು. ಬೇಗ ಸುಡೋ ಚರ್ಮ ಅಪ್ಪಂದು, ಬಿಸಿಲು ನಿಂದೇ ಸಂಪಾದನೆ ಅಂತ. ಇವತ್ತು ಮಚ್ಚೆ ತೆಗೆದು ಪರೀಕ್ಷೆಗೆ ಕಳಿಸ್ತಾರಂತೆ.”

“ಚಿಕ್ಕೋಳಿದ್ದಾಗ ನಿನ್ನ ಕಂಡ್ರೆ ಹೊಟ್ಟೆಕಿಚ್ಚು ನಂಗೆ. ಅಪ್ಪನ ಬಿಳಿ ಬಣ್ಣ ಪೂರ್ತಿ ನೀನೇ ಬಾಚ್ಕೊಂಡೆ ಅಂತ.”

“ಈಗ ಅರ್ಧ ಕೊಡ್ತೀನಿ, ತಗೋ.”

ಇಬ್ಬರೂ ನಕ್ಕರು. ಅಕ್ಕನ ನಗು ಮೊದಲು ನಿಂತಿತು.

“ನಿನ್ನ ಮಗಳಿಗೂ ಅದೇ ಬಣ್ಣ ಅಲ್ವೇನೋ?”

ಅವನು ಉತ್ತರ ಕೊಡುವ ಮೊದಲೇ ನರ್ಸ್ ಕರೆದಳು. ಎದ್ದವನು ಗೋಡೆಯ ಗಡಿಯಾರ ನೋಡಿದ. ನಡು ಮಧ್ಯಾಹ್ನ. ತನ್ನ ಫೋನನ್ನು ಅಕ್ಕನ ಕೈಗಿಟ್ಟ.

“ಈಗ ಈಜೋಕೆ ಹೋಗಿರ್ತಾಳೆ. ನಂದು ಆಮೇಲೆ ನೋಡೋಣ, ಮೊದಲು ಅವಳನ್ನ ನೆರಳಿಗೆ ಕರಿ.”